ಅವಕೆಂಪು ಫಿಲ್ಮ್ ಮತ್ತು ರಸ್ತೆಬದಿಯ ವೇಗ ಕ್ಯಾಮೆರಾ

ಅವಕೆಂಪು ಫಿಲ್ಮ್ ಎಂದರೆ ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಆಚೆಯ, ಅಂದರೆ ಸುಮಾರು 700 ನ್ಯಾನೋಮೀಟರ್‌ಗಿಂತ ಹೆಚ್ಚಿನ ತರಂಗಾಂತರದ ವಿಕಿರಣಕ್ಕೂ ಸ್ಪಂದಿಸುವಂತೆ ತಯಾರಿಸಿದ ಛಾಯಾಗ್ರಹಣ ಫಿಲ್ಮ್. ಇದನ್ನು ಇನ್‌ಫ್ರಾರೆಡ್ ಫಿಲ್ಮ್ ಎಂದೂ ಕರೆಯಲಾಗುತ್ತದೆ. ಖಗೋಳವಿಜ್ಞಾನ, ವೈಮಾನಿಕ ಸಮೀಕ್ಷೆ, ವೈದ್ಯಕೀಯ, ಅಪರಾಧ ತನಿಖೆ ಹಾಗೂ ಕಲಾತ್ಮಕ ಛಾಯಾಗ್ರಹಣಗಳಲ್ಲಿ ಬಳಕೆಯಾದ ಈ ಫಿಲ್ಮ್‌ನ ಹತ್ತಿರದ ಒಂದು ಬಗೆಯು 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಯುರೋಪಿನ ರಸ್ತೆಬದಿಯ ವೇಗ ಕ್ಯಾಮೆರಾಗಳಲ್ಲಿಯೂ ಸೇವೆ ಸಲ್ಲಿಸಿತು. ರಾತ್ರಿಯ ಹೊತ್ತು ಎದುರಿನಿಂದ ಬರುವ ಚಾಲಕನ ಮುಖವನ್ನು, ಅವನ ಕಣ್ಣು ಕೋರೈಸದಂತೆ ಸೆರೆಹಿಡಿಯಬೇಕಾದ ಅಗತ್ಯವೇ ಇದಕ್ಕೆ ಕಾರಣ.

ವೇಗ ಕ್ಯಾಮೆರಾಗಳಲ್ಲಿ ಇದ್ದದ್ದು ಅವಕೆಂಪು ಫಿಲ್ಮ್ ಎಂಬ ಮಾತು ರೂಢಿಯಲ್ಲಿದ್ದರೂ ಅದು ಪೂರ್ತಿ ನಿಖರವಲ್ಲ. ಈ ಕೆಲಸಕ್ಕೆಂದು ತಯಾರಾದ ಫಿಲ್ಮ್‌ಗಳ ಸಂವೇದನೆ ಗೋಚರ ಕೆಂಪಿನ ಕೊನೆಯನ್ನು ದಾಟಿ ಅವಕೆಂಪಿನ ಅಂಚನ್ನು ಮಾತ್ರ ಮುಟ್ಟುತ್ತಿತ್ತು. ತಯಾರಕರು ಇವನ್ನು ‘ವಿಸ್ತೃತ ಕೆಂಪು ಸಂವೇದನೆಯ’ ಫಿಲ್ಮ್‌ಗಳೆಂದು ಕರೆದರು. ಏಕೆ ಅಷ್ಟಕ್ಕೇ ನಿಲ್ಲಿಸಲಾಯಿತು ಎಂಬುದನ್ನು ತಿಳಿಯಲು ಫಿಲ್ಮ್‌ನ ರಸಾಯನಶಾಸ್ತ್ರವನ್ನೂ ರಸ್ತೆಬದಿಯ ಪರಿಸ್ಥಿತಿಯನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಫಿಲ್ಮ್ ಮತ್ತು ಅವಕೆಂಪು ಬೆಳಕು

ಕಪ್ಪು-ಬಿಳುಪು ಫಿಲ್ಮ್‌ನ ಲೇಪದಲ್ಲಿ ಬೆಳಕಿಗೆ ಸ್ಪಂದಿಸುವ ವಸ್ತು ಬೆಳ್ಳಿಯ ಹಾಲೈಡ್ ಹರಳುಗಳು. ಈ ಹರಳುಗಳು ಸ್ವಭಾವತಃ ನೇರಳಾತೀತ, ನೇರಳೆ ಮತ್ತು ನೀಲಿ ಬೆಳಕನ್ನು ಮಾತ್ರ ಹೀರಿಕೊಳ್ಳುತ್ತವೆ. ಹಸಿರು ಮತ್ತು ಕೆಂಪು ಬೆಳಕಿನ ಕಣಗಳಿಗೆ ಹರಳಿನೊಳಗಿನ ಇಲೆಕ್ಟ್ರಾನನ್ನು ಬಿಡಿಸುವಷ್ಟು ಶಕ್ತಿ ಇರುವುದಿಲ್ಲ. 400 ನ್ಯಾನೋಮೀಟರ್‌ನ ನೇರಳೆ ಬೆಳಕಿನ ಒಂದು ಫೋಟಾನ್ ಸುಮಾರು 3.1 ಇಲೆಕ್ಟ್ರಾನ್‌ವೋಲ್ಟ್ ಶಕ್ತಿಯನ್ನು ಹೊತ್ತು ತಂದರೆ, 740 ನ್ಯಾನೋಮೀಟರ್‌ನ ಫೋಟಾನ್ ತರುವುದು ಸುಮಾರು 1.7 ಮಾತ್ರ. ಈ ಕೊರತೆಯನ್ನು ತುಂಬಲು ಹರಳುಗಳ ಮೈಗೆ ವಿಶೇಷ ವರ್ಣದ್ರವ್ಯಗಳನ್ನು ಅಂಟಿಸಲಾಗುತ್ತದೆ. ವರ್ಣದ್ರವ್ಯವು ಕೆಂಪು ಬೆಳಕನ್ನು ತಾನು ಹೀರಿಕೊಂಡು, ಅದರ ಫಲವನ್ನು ಹರಳಿಗೆ ದಾಟಿಸುತ್ತದೆ.

ಅವಕೆಂಪಿನ ಕಡೆಗೆ ಹೋದಷ್ಟೂ ಇನ್ನೂ ಕಡಿಮೆ ಶಕ್ತಿಗೆ ಸ್ಪಂದಿಸುವ ವರ್ಣದ್ರವ್ಯ ಬೇಕಾಗುತ್ತದೆ. ಅಂಥ ವಸ್ತು ಬೆಳಕಿಲ್ಲದಿದ್ದರೂ ಕೇವಲ ಸುತ್ತಲಿನ ಶಾಖದಿಂದ ಕೆರಳಬಲ್ಲದು. ಇದರಿಂದ ಫಿಲ್ಮ್ ತನ್ನಷ್ಟಕ್ಕೆ ಮಸುಕಾಗುತ್ತದೆ. ಹೆಚ್ಚಿನ ಸಂವೇದನೆಯ ಅವಕೆಂಪು ಫಿಲ್ಮ್‌ಗಳನ್ನು ಶೀತಲ ಪೆಟ್ಟಿಗೆಯಲ್ಲಿ ಇಡಬೇಕಾಗಿದ್ದುದು ಈ ಕಾರಣದಿಂದ.

ಇಲ್ಲಿ ಒಂದು ಸಾಮಾನ್ಯ ತಪ್ಪು ಕಲ್ಪನೆಯನ್ನು ಗಮನಿಸಬೇಕು. ಅವಕೆಂಪು ಫಿಲ್ಮ್ ಶಾಖವನ್ನು ‘ನೋಡುವುದಿಲ್ಲ’. ಮನುಷ್ಯದೇಹ ಹೊರಸೂಸುವ ಉಷ್ಣವಿಕಿರಣದ ತರಂಗಾಂತರ ಸುಮಾರು 10,000 ನ್ಯಾನೋಮೀಟರ್‌ನ ಆಸುಪಾಸಿನಲ್ಲಿದ್ದರೆ, ಫಿಲ್ಮ್‌ನ ವ್ಯಾಪ್ತಿ ಸಾಮಾನ್ಯವಾಗಿ 900ರ ಒಳಗೇ ಮುಗಿಯುತ್ತದೆ. ಕತ್ತಲಲ್ಲಿ ಮೈಶಾಖದಿಂದ ಮನುಷ್ಯನನ್ನು ಗುರುತಿಸುವ ಉಷ್ಣ ಕ್ಯಾಮೆರಾಗಳು ಬೇರೆಯೇ ತತ್ತ್ವದ ಉಪಕರಣಗಳು. ಅವಕೆಂಪು ಫಿಲ್ಮ್‌ಗೂ ಸೂರ್ಯನದೋ, ದೀಪದ್ದೋ, ಫ್ಲ್ಯಾಶ್‌ನದೋ ಬೆಳಕು ವಸ್ತುವಿನ ಮೇಲೆ ಬಿದ್ದು ಪ್ರತಿಫಲಿಸಲೇಬೇಕು.

ಇತಿಹಾಸ

1800ರಲ್ಲಿ ಇಂಗ್ಲೆಂಡಿನ ಖಗೋಳವಿಜ್ಞಾನಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಸೂರ್ಯನ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಪ್ರತಿ ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡಿದಾಗ, ಕೆಂಪಿನ ಆಚೆ ಬೆಳಕೇ ಕಾಣದ ಜಾಗದಲ್ಲಿ ಉಷ್ಣತೆ ಹೆಚ್ಚಿತ್ತು. ಅವಕೆಂಪು ವಿಕಿರಣದ ಅರಿವು ಅಲ್ಲಿಂದ ಮೊದಲಾಯಿತು. ಅದನ್ನು ಚಿತ್ರವಾಗಿ ದಾಖಲಿಸಲು ಮಾತ್ರ ಬಹುಕಾಲ ಹಿಡಿಯಿತು. 1873ರಲ್ಲಿ ಜರ್ಮನಿಯ ಹರ್ಮನ್ ವಿಲ್ಹೆಲ್ಮ್ ಫೋಗೆಲ್ ಲೇಪಕ್ಕೆ ವರ್ಣದ್ರವ್ಯ ಸೇರಿಸಿದರೆ ಅದರ ಸಂವೇದನೆ ನೀಲಿಯ ಆಚೆಗೂ ಹಬ್ಬುತ್ತದೆ ಎಂಬುದನ್ನು ಕಂಡುಹಿಡಿದರು. 1880ರಲ್ಲಿ ವಿಲಿಯಂ ಆಬ್ನಿ ವರ್ಣದ್ರವ್ಯದ ನೆರವಿಲ್ಲದೆ, ವಿಶೇಷವಾಗಿ ಸಿದ್ಧಪಡಿಸಿದ ಬೆಳ್ಳಿಯ ಬ್ರೋಮೈಡ್ ಲೇಪದಿಂದಲೇ ಸೂರ್ಯನ ರೋಹಿತದ ಅವಕೆಂಪು ಭಾಗವನ್ನು ಚಿತ್ರಿಸಿದರು.

ಭೂದೃಶ್ಯಗಳ ಅವಕೆಂಪು ಚಿತ್ರಗಳನ್ನು 1910ರಲ್ಲಿ ಪ್ರಕಟಿಸಿದವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲಿಯಮ್ಸ್ ವುಡ್. ಅವುಗಳಲ್ಲಿ ಆಕಾಶ ಕಪ್ಪಾಗಿಯೂ ಮರದೆಲೆಗಳು ಹಿಮ ಸುರಿದಂತೆ ಬೆಳ್ಳಗಾಗಿಯೂ ಕಾಣುತ್ತಿದ್ದವು. ಎಲೆಗಳ ಈ ಬೆಳ್ಪಿಗೆ ‘ವುಡ್ ಪರಿಣಾಮ’ ಎಂಬ ಹೆಸರು ಬಂದದ್ದು ವಿಜ್ಞಾನಿಯಿಂದಲೇ ಹೊರತು, ಇಂಗ್ಲಿಷಿನಲ್ಲಿ ಮರಕ್ಕಿರುವ ಹೆಸರಿನಿಂದಲ್ಲ. 1919ರಲ್ಲಿ ದೊರೆತ ಕ್ರಿಪ್ಟೊಸಯನೀನ್ ಮತ್ತು ಅದರ ಬೆನ್ನಿಗೆ ಬಂದ ಇತರ ಸಯನೀನ್ ವರ್ಣದ್ರವ್ಯಗಳಿಂದ ಅವಕೆಂಪು ಫಿಲ್ಮ್‌ಗಳ ತಯಾರಿಕೆ ಸಾಧ್ಯವಾಯಿತು. ಎರಡನೆಯ ಮಹಾಯುದ್ಧದಲ್ಲಿ ಈ ಫಿಲ್ಮ್‌ಗಳು ಸೇನೆಗೆ ನೆರವಾದವು: ಹಸಿರು ಬಣ್ಣ ಬಳಿದ ಬಟ್ಟೆ ಕಣ್ಣಿಗೆ ಸೊಪ್ಪಿನಂತೆಯೇ ಕಂಡರೂ ಅವಕೆಂಪಿನಲ್ಲಿ ನಿಜವಾದ ಎಲೆಯಂತೆ ಹೊಳೆಯುತ್ತಿರಲಿಲ್ಲ.

ವೇಗ ಕ್ಯಾಮೆರಾಗಳ ಆರಂಭ

ವೇಗ ಕ್ಯಾಮೆರಾಗಳ ಇತಿಹಾಸದಲ್ಲಿ ಮೊದಲು ನೆನಪಾಗುವ ಹೆಸರು ಡಚ್ ರ್‍ಯಾಲಿ ಚಾಲಕ ಮೌರಿಸ್ ಗ್ಯಾಟ್ಸೊನಿಡೀಸ್ (1911–1998) ಅವರದು. ಜಾವಾದಲ್ಲಿ ಜನಿಸಿದ ಇವರು 1953ರಲ್ಲಿ ಫೋರ್ಡ್ ಜೆಫರ್ ಕಾರಿನಲ್ಲಿ ಮಾಂಟೆ ಕಾರ್ಲೊ ರ್‍ಯಾಲಿಯನ್ನು ಗೆದ್ದಿದ್ದರು. ತಿರುವುಗಳಲ್ಲಿ ತಮ್ಮದೇ ವೇಗವನ್ನು ನಿಖರವಾಗಿ ಅಳೆದು ಇನ್ನಷ್ಟು ವೇಗವಾಗಿ ಓಡಿಸಲು ಅವರು ರೂಪಿಸಿಕೊಂಡ ಸಾಧನವೇ ಮುಂದೆ ಇತರರ ವೇಗಕ್ಕೆ ಕಡಿವಾಣವಾಯಿತು. ರಸ್ತೆಗೆ ಅಡ್ಡಲಾಗಿ ಹಾಸಿದ ಎರಡು ರಬ್ಬರ್ ಕೊಳವೆಗಳ ಮೇಲೆ ಚಕ್ರ ಹಾಯಲು ತಗಲುವ ಸಮಯವನ್ನು ಅದು ಅಳೆಯುತ್ತಿತ್ತು. 1958ರಲ್ಲಿ ಅವರು ಗ್ಯಾಟ್ಸೊಮೀಟರ್ ಸಂಸ್ಥೆಯನ್ನು ಸ್ಥಾಪಿಸಿದರು. ರಬ್ಬರ್ ಕೊಳವೆಯ ಜಾಗಕ್ಕೆ ಮುಂದೆ ರೇಡಾರ್ ಬಂದಿತು.

ಜರ್ಮನಿಯಲ್ಲಿ ಈ ಕೆಲಸಕ್ಕೆ ಒದಗಿದ್ದು 1934ರಲ್ಲಿ ಮಾರುಕಟ್ಟೆಗೆ ಬಂದ ರೋಬೋಟ್ ಎಂಬ ಪುಟ್ಟ ಕ್ಯಾಮೆರಾದ ಪರಂಪರೆ. ಗಡಿಯಾರದಂತೆ ಕೀ ಕೊಟ್ಟರೆ ಸ್ಪ್ರಿಂಗ್ ಬಲದಿಂದ ತಾನೇ ಫಿಲ್ಮನ್ನು ಮುಂದೆ ಸರಿಸುತ್ತಿದ್ದ ಈ ಕ್ಯಾಮೆರಾ, ಮನುಷ್ಯನ ಕೈ ತಾಗದೆ ಒಂದರ ಮೇಲೊಂದು ಚಿತ್ರ ತೆಗೆಯಬಲ್ಲದಾಗಿತ್ತು. ರಸ್ತೆಬದಿಯ ಕೆಲಸಕ್ಕೆ ಬೇಕಾದದ್ದು ಅದೇ ಗುಣ. ಅದೇ ಸಂಸ್ಥೆಯ ಟ್ರಾಫಿಪ್ಯಾಕ್ಸ್ ಹೆಸರಿನ ಉಪಕರಣಗಳು ಮುಂದೆ ಹಲವು ದೇಶಗಳಲ್ಲಿ ಬಳಕೆಗೆ ಬಂದವು.

ಬ್ರಿಟನ್ನಿನಲ್ಲಿ 1991ರ ರಸ್ತೆ ಸಂಚಾರ ಕಾಯ್ದೆಯು ಸ್ವಯಂಚಾಲಿತ ಕ್ಯಾಮೆರಾದ ಚಿತ್ರವನ್ನು ಸಾಕ್ಷ್ಯವಾಗಿ ಒಪ್ಪಲು ದಾರಿ ಮಾಡಿಕೊಟ್ಟಿತು. 1992ರಲ್ಲಿ ಲಂಡನ್ನಿನ ಟ್ವಿಕನ್‌ಹ್ಯಾಮ್ ಸೇತುವೆಯ ಬಳಿ ಗ್ಯಾಟ್ಸೊ ಕ್ಯಾಮೆರಾ ಕೆಲಸ ಆರಂಭಿಸಿತು.

ಎದುರಿನಿಂದ ಚಿತ್ರ ತೆಗೆಯುವ ಸಮಸ್ಯೆ

ಗ್ಯಾಟ್ಸೊ ಕ್ಯಾಮೆರಾ ಬ್ರಿಟನ್ನಿನಲ್ಲಿ ವಾಹನದ ಹಿಂಭಾಗದ ಚಿತ್ರ ತೆಗೆಯುತ್ತಿತ್ತು. ವಾಹನ ಹಾದುಹೋದ ಮೇಲೆ ಬಿಳಿ ಫ್ಲ್ಯಾಶ್ ಮಿನುಗಿದರೆ ಚಾಲಕನ ಕಣ್ಣಿಗೆ ತೊಂದರೆಯಿಲ್ಲ. ಇಂಥ ಕ್ಯಾಮೆರಾಕ್ಕೆ ವಿಶೇಷ ಫಿಲ್ಮ್ ಬೇಕಾಗಿರಲಿಲ್ಲ. ಸಾಮಾನ್ಯ ಫಿಲ್ಮ್ ಸಾಕಾಗುತ್ತಿತ್ತು. ಆದರೆ ಹಿಂಭಾಗದ ಚಿತ್ರದಲ್ಲಿ ಚಾಲಕ ಯಾರೆಂಬುದು ತಿಳಿಯುವುದಿಲ್ಲ.

ಮುಖ ಕಾಣಬೇಕೆಂದರೆ ಎದುರಿನಿಂದ ಚಿತ್ರ ತೆಗೆಯಬೇಕು. ಕತ್ತಲ ರಸ್ತೆಯಲ್ಲಿ ವೇಗಮಿತಿ ಮೀರಿ ಬರುತ್ತಿರುವವನ ಕಣ್ಣಿಗೆ ನೇರವಾಗಿ ಬಿಳಿ ಫ್ಲ್ಯಾಶ್ ಹೊಡೆದರೆ ಅವನು ಕ್ಷಣಕಾಲ ಕುರುಡನಾಗುತ್ತಾನೆ. ಗಂಟೆಗೆ 100 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 28 ಮೀಟರ್ ಸಾಗುತ್ತದೆ. ಅಪಘಾತ ತಡೆಯಲು ಇಟ್ಟ ಸಾಧನವೇ ಅಪಘಾತಕ್ಕೆ ಕಾರಣವಾಗುವ ಅಪಾಯ ಇಲ್ಲಿತ್ತು.

ಪರಿಹಾರ ದೊರೆತದ್ದು ಕಣ್ಣಿನ ಒಂದು ದೌರ್ಬಲ್ಯದಲ್ಲಿ. ಹಗಲು ಬೆಳಕಿನಲ್ಲಿ ಮನುಷ್ಯನ ಕಣ್ಣು 555 ನ್ಯಾನೋಮೀಟರ್‌ನ ಹಳದಿ-ಹಸಿರು ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ. ಅದಕ್ಕೆ ಹೋಲಿಸಿದರೆ 700 ನ್ಯಾನೋಮೀಟರ್‌ನಲ್ಲಿ ಅದರ ಸ್ಪಂದನೆ ಸಾವಿರದಲ್ಲಿ ನಾಲ್ಕು ಪಾಲು. 740ರಲ್ಲಿ ಸುಮಾರು ನಾಲ್ಕು ಸಾವಿರದಲ್ಲಿ ಒಂದು ಪಾಲು. ಕತ್ತಲಿಗೆ ಹೊಂದಿಕೊಂಡ ಕಣ್ಣಿನಲ್ಲಿ ಮುಖ್ಯವಾಗಿ ದುಡಿಯುವ ದಂಡಕೋಶಗಳಿಗಂತೂ ಕಡುಗೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಆದ್ದರಿಂದ ಕೆಂಪು ಬೆಳಕು ಬಿದ್ದರೂ ರಾತ್ರಿದೃಷ್ಟಿ ಅಷ್ಟಾಗಿ ಕೆಡುವುದಿಲ್ಲ. ಫಿಲ್ಮ್ ತೊಳೆಯುವ ಕತ್ತಲಕೋಣೆಯಲ್ಲಿ ಕೆಂಪು ದೀಪವಿಡುತ್ತಿದ್ದುದನ್ನು ಬಲ್ಲವರಿಗೆ ಇದು ತಲೆಕೆಳಗಾದ ಏರ್ಪಾಡಾಗಿ ತೋರಬಹುದು. ಅಲ್ಲಿ ಕಣ್ಣಿಗೆ ಕಂಡು ಛಾಯಾಕಾಗದಕ್ಕೆ ಕಾಣದ ಬೆಳಕು ಬೇಕಿತ್ತು. ರಸ್ತೆಯಲ್ಲಿ ಫಿಲ್ಮ್‌ಗೆ ಕಂಡು ಕಣ್ಣಿಗೆ ಆದಷ್ಟೂ ಕಾಣದ ಬೆಳಕು.

ಹೀಗಾಗಿ ಎದುರುಮುಖದ ಕ್ಯಾಮೆರಾಗಳ ಫ್ಲ್ಯಾಶ್‌ಗೆ ಕಡುಗೆಂಪು ಅಥವಾ ಕೆನ್ನೇರಳೆ ಶೋಧಕವನ್ನು ಅಳವಡಿಸಲಾಯಿತು. ದಕ್ಷಿಣ ಆಫ್ರಿಕಾ ಮೂಲದ ಟ್ರುವೆಲೊ ಕ್ಯಾಮೆರಾ ಬ್ರಿಟನ್ನಿನಲ್ಲಿ ಈ ಬಗೆಗೆ ಪ್ರಸಿದ್ಧ ಉದಾಹರಣೆ. ರಸ್ತೆಯ ಮೈಯಲ್ಲಿ ಹುದುಗಿಸಿದ ಒತ್ತಡ ಸಂವೇದಕಗಳು ವೇಗವನ್ನು ಅಳೆದು ಕ್ಯಾಮೆರಾಕ್ಕೆ ಸೂಚನೆ ಕೊಡುತ್ತವೆ. ಜರ್ಮನಿಯ ರಸ್ತೆಬದಿಯ ಸ್ಥಿರ ಕ್ಯಾಮೆರಾಗಳಲ್ಲಿಯೂ ಕೆಂಪು ಫ್ಲ್ಯಾಶ್ ರೂಢಿಯಾಯಿತು. ಹೆಸರಿಗೆ ಅವಕೆಂಪು ಎಂದರೂ ಆ ಮಿನುಗನ್ನು ಚಾಲಕರು ಮಂದವಾದ ಕೆಂಪು ಹೊಳಪಾಗಿ ಕಾಣುತ್ತಿದ್ದರು. ಕ್ಸೆನಾನ್ ದೀಪದ ಮಿನುಗು ಬಹಳ ಪ್ರಖರವಾಗಿದ್ದು, ಶೋಧಕವು ಗೋಚರ ಕೆಂಪಿನ ಒಂದಂಶವನ್ನೂ ಹೊರಬಿಡುತ್ತಿದ್ದುದೇ ಇದಕ್ಕೆ ಕಾರಣ.

ಸಂಚಾರ ಫಿಲ್ಮ್‌ಗಳು

ಶೋಧಕದ ಮೂಲಕ ಉಳಿದು ಬರುವ ಈ ಬೆಳಕಿಗೆ ಸಾಮಾನ್ಯ ಕಪ್ಪು-ಬಿಳುಪು ಫಿಲ್ಮ್ ಸಾಲದು. ಅದರ ಸಂವೇದನೆ 650 ನ್ಯಾನೋಮೀಟರ್ ದಾಟುತ್ತಿದ್ದಂತೆ ಕುಸಿಯುತ್ತದೆ. ಇನ್ನೊಂದು ತುದಿಯಲ್ಲಿದ್ದುದು ಕೊಡಾಕ್ ಸಂಸ್ಥೆಯ ಹೈ ಸ್ಪೀಡ್ ಇನ್‌ಫ್ರಾರೆಡ್‌ನಂಥ ನಿಜವಾದ ಅವಕೆಂಪು ಫಿಲ್ಮ್. ಅದು 900 ನ್ಯಾನೋಮೀಟರ್‌ವರೆಗೂ ಸ್ಪಂದಿಸುತ್ತಿತ್ತು. ಆದರೆ ಅದನ್ನು ಕ್ಯಾಮೆರಾಕ್ಕೆ ತುಂಬುವುದೂ ತೆಗೆಯುವುದೂ ಪೂರ್ಣ ಕತ್ತಲಲ್ಲಿಯೇ ನಡೆಯಬೇಕಿತ್ತು. ಬೆಳಕು ಹಿಂದಕ್ಕೆ ಪ್ರತಿಫಲಿಸದಂತೆ ತಡೆಯುವ ಪದರವೂ ಅದರಲ್ಲಿ ಇರಲಿಲ್ಲವಾದ್ದರಿಂದ ಪ್ರಖರ ಭಾಗಗಳ ಸುತ್ತ ಪ್ರಭೆಯೊಂದು ಹರಡುತ್ತಿತ್ತು. ಕಲಾವಿದರಿಗೆ ಪ್ರಿಯವಾಗಿದ್ದ ಆ ಪ್ರಭೆ, ನೋಂದಣಿ ಸಂಖ್ಯೆಯ ಅಂಕಿಗಳನ್ನು ಓದಬೇಕಾದವರಿಗೆ ಉಪದ್ರವವೇ ಸರಿ. ರಸ್ತೆಬದಿಯ ಕಂಬದ ಮೇಲೆ ಬಿಸಿಲಿನಲ್ಲಿ ದಿನಗಟ್ಟಲೆ ಕಾಯುವ ಲೋಹದ ಪೆಟ್ಟಿಗೆ, ಶೀತಲವಾಗಿ ಇಡಬೇಕಾದ ಫಿಲ್ಮ್‌ಗೆ ತಕ್ಕ ಮನೆಯೂ ಅಲ್ಲ.

ಸಂಚಾರ ಕ್ಯಾಮೆರಾಗಳಿಗೆಂದೇ ರೂಪುಗೊಂಡ ಫಿಲ್ಮ್ ಈ ಎರಡರ ನಡುವಿನದು. ಬ್ರಿಟನ್ನಿನ ಇಲ್ಫೋರ್ಡ್ ಸಂಸ್ಥೆಯ ಎಸ್‌ಎಫ್‌ಎಕ್ಸ್ 200 ಈ ವಂಶದ್ದೇ. ಸಂಚಾರ ಕ್ಯಾಮೆರಾಗಳ ಫಿಲ್ಮ್ ಆಗಿ ಹುಟ್ಟಿ ಅನಂತರ ಛಾಯಾಗ್ರಾಹಕರ ಕೈಗೆ ಬಂದ ಇದರ ಕೆಂಪು ಸಂವೇದನೆ 720 ನ್ಯಾನೋಮೀಟರ್‌ನಲ್ಲಿ ತುದಿಗೇರಿ 740ರ ಹೊತ್ತಿಗೆ ಮುಗಿಯುತ್ತದೆ. ಬೆಲ್ಜಿಯಂನ ಆಗ್ಫಾ-ಗೆವರ್ಟ್ ಸಂಸ್ಥೆಯೂ ಕಾವಲು ಕ್ಯಾಮೆರಾಗಳಿಗೆ ಇಂಥ ಫಿಲ್ಮ್ ತಯಾರಿಸುತ್ತಿತ್ತು. 740 ಎಂಬ ಈ ಮಿತಿ ಕೊರತೆಯಲ್ಲ, ಆಯ್ಕೆ ಎನ್ನಬೇಕು. ಕೆಂಪು ಫ್ಲ್ಯಾಶ್‌ನ ಬೆಳಕು ಸಾಕಷ್ಟು ದಾಖಲಾಗುತ್ತದೆ, ಫಿಲ್ಮ್ ಸಾಮಾನ್ಯ ಉಷ್ಣತೆಯಲ್ಲಿ ಬಾಳುತ್ತದೆ, ಮಸೂರವನ್ನು ಬೇರೆಯಾಗಿ ಹೊಂದಿಸಬೇಕಾಗಿಲ್ಲ. ಅವಕೆಂಪು ಬೆಳಕು ಗೋಚರ ಬೆಳಕಿಗಿಂತ ತುಸು ದೂರದಲ್ಲಿ ಕೇಂದ್ರೀಕರಿಸುವುದರಿಂದ ಹಳೆಯ ಮಸೂರಗಳ ಮೇಲೆ ಅದಕ್ಕೆಂದೇ ಕೆಂಪು ಗುರುತೊಂದು ಇರುತ್ತಿತ್ತು. 740ರ ಒಳಗೆ ಈ ವ್ಯತ್ಯಾಸ ಗಣನೀಯವಲ್ಲ.

ಚಿತ್ರದಲ್ಲಿ ಕಾಣುವುದು

ಫಿಲ್ಮ್‌ನ ಸೂಕ್ಷ್ಮತೆ ಎಷ್ಟಿರಬೇಕು ಎಂಬುದನ್ನು ಸರಳ ಲೆಕ್ಕವೊಂದರಿಂದ ಊಹಿಸಬಹುದು. 36 ಮಿಲಿಮೀಟರ್ ಅಗಲದ ಚೌಕಟ್ಟಿನಲ್ಲಿ 9 ಮೀಟರ್ ಅಗಲದ ರಸ್ತೆ ಮೂಡುತ್ತದೆ ಎಂದುಕೊಂಡರೆ ಎಲ್ಲವೂ 250ರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಬ್ರಿಟನ್ನಿನ ನೋಂದಣಿ ಫಲಕದ ಅಕ್ಷರದ ಎತ್ತರ 79 ಮಿಲಿಮೀಟರ್, ಗೆರೆಯ ದಪ್ಪ 14 ಮಿಲಿಮೀಟರ್. ಫಿಲ್ಮ್‌ನ ಮೇಲೆ ಅಕ್ಷರ ಸುಮಾರು 0.32 ಮಿಲಿಮೀಟರ್ ಎತ್ತರವಾಗಿಯೂ ಗೆರೆ ಸುಮಾರು 0.06 ಮಿಲಿಮೀಟರ್ ದಪ್ಪವಾಗಿಯೂ ಬೀಳುತ್ತದೆ. ಇದನ್ನು ಬಿಡಿಸಿ ತೋರಿಸುವುದು ಒಳ್ಳೆಯ ಫಿಲ್ಮ್‌ಗೆ ಕಷ್ಟವಲ್ಲ, ವಾಹನದ ಚಲನೆಯಿಂದ ಚಿತ್ರ ಕದಡದಿದ್ದರೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ವಾಹನ ಒಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ 2.8 ಸೆಂಟಿಮೀಟರ್ ಚಲಿಸುತ್ತದೆ. ಕ್ಯಾಮೆರಾ ರಸ್ತೆಗೆ 20 ಡಿಗ್ರಿ ಓರೆಯಾಗಿದ್ದರೆ ಅದರಲ್ಲಿ ಅಡ್ಡ ಚಲನೆಯ ಪಾಲು ಸುಮಾರು ಒಂದು ಸೆಂಟಿಮೀಟರ್. 14 ಮಿಲಿಮೀಟರ್ ಗೆರೆಗೆ ಇಷ್ಟು ಕದಡುವಿಕೆಯೂ ಹೆಚ್ಚೇ ಆದ್ದರಿಂದ ಮಿನುಗು ಇನ್ನೂ ಚಿಕ್ಕದಾಗಿರಬೇಕು.

ನೋಂದಣಿ ಫಲಕದ ಹಿನ್ನೆಲೆ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಹಾಳೆಯದ್ದು. ಫ್ಲ್ಯಾಶ್ ಕ್ಯಾಮೆರಾದ ಬಳಿಯಲ್ಲೇ ಇರುವುದರಿಂದ ಚಿತ್ರದಲ್ಲಿ ಫಲಕ ವಿಪರೀತ ಬೆಳಗುತ್ತದೆ. ಅದೇ ಚಿತ್ರದಲ್ಲಿ, ಮುಂಗಾಜಿನ ಹಿಂದೆ ಮಬ್ಬಿನಲ್ಲಿರುವ ಮುಖವೂ ಕಾಣಬೇಕು. ಒಂದಕ್ಕೆ ಬೆಳಕು ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಎರಡನ್ನೂ ಒಂದೇ ನೆಗೆಟಿವ್‌ನಲ್ಲಿ ಉಳಿಸಿಕೊಳ್ಳುವುದು ಈ ಛಾಯಾಗ್ರಹಣದ ನಿತ್ಯದ ಪೇಚಾಟ. ಮುಂಗಾಜಿನ ಮೇಲಿನ ಆಕಾಶದ ಪ್ರತಿಬಿಂಬ ಹಗಲಿನಲ್ಲಿ ಮುಖವನ್ನು ಮುಚ್ಚಿಬಿಡುತ್ತದೆ. ಕೆಂಪು ಸಂವೇದನೆಯ ಫಿಲ್ಮ್ ಇಲ್ಲಿ ತುಸು ಅನುಕೂಲಕರ: ನೀಲಿ ಆಕಾಶದಿಂದ ಬರುವ ಬೆಳಕಿನಲ್ಲಿ ಕಡುಗೆಂಪಿನ ಪಾಲು ಕಡಿಮೆಯಾದ್ದರಿಂದ, ಮಸೂರದ ಮುಂದೆ ಕೆಂಪು ಶೋಧಕವಿಟ್ಟರೆ ಆ ಪ್ರತಿಬಿಂಬ ಮಂಕಾಗುತ್ತದೆ.

ಮುಖದ ರೂಪವೂ ಬದಲಾಗುತ್ತದೆ. ಕಡುಗೆಂಪು ಮತ್ತು ಸಮೀಪದ ಅವಕೆಂಪು ಬೆಳಕು ಚರ್ಮದೊಳಕ್ಕೆ ತುಸು ಇಳಿದು ಚದುರಿ ಹೊರಬರುವುದರಿಂದ ಮುಖ ನಯವಾಗಿ, ಮೇಣದಂತೆ ಬಿಳಿಚಿಕೊಂಡು ಕಾಣುತ್ತದೆ. ಮಚ್ಚೆ, ಕಲೆಗಳು ಮಸುಕಾಗುತ್ತವೆ. ಗುರುತು ಹಿಡಿಯಲು ನೆರವಾಗುವ ಸಣ್ಣ ಚಿಹ್ನೆಗಳು ಹೀಗೆ ಅಳಿಸಿಹೋಗುವುದು ಸಣ್ಣ ಸಂಗತಿಯಲ್ಲ. ಇನ್ನೊಂದೆಡೆ, ವರ್ಣದ್ರವ್ಯದಿಂದ ಬಣ್ಣ ಕೊಟ್ಟ ಹಲವು ಬಗೆಯ ತಂಪು ಕನ್ನಡಕಗಳು ಅವಕೆಂಪಿಗೆ ಪಾರದರ್ಶಕವಾಗಿರುವುದರಿಂದ ಕಣ್ಣನ್ನು ಮರೆಮಾಡುವುದಿಲ್ಲ. 740ರ ಅಂಚಿನಲ್ಲಿ ಈ ಎರಡೂ ಪರಿಣಾಮಗಳು ಭಾಗಶಃ ಮಾತ್ರ ತೋರುತ್ತವೆ.

ಸಾಕ್ಷ್ಯವಾಗಿ ನೆಗೆಟಿವ್

ಗ್ಯಾಟ್ಸೊ ಕ್ಯಾಮೆರಾ ಪ್ರತಿ ವಾಹನದ ಎರಡು ಚಿತ್ರಗಳನ್ನು ಅರ್ಧ ಸೆಕೆಂಡಿನ ಅಂತರದಲ್ಲಿ ತೆಗೆಯುತ್ತಿತ್ತು. ರಸ್ತೆಯ ಮೇಲೆ ಸಮಾನ ಅಂತರದಲ್ಲಿ ಬಿಳಿ ಗೆರೆಗಳನ್ನು ಎಳೆಯಲಾಗಿರುತ್ತಿತ್ತು. ರೇಡಾರ್ ಹೇಳಿದ ವೇಗ ಸರಿಯೇ ಎಂಬುದನ್ನು ಈ ಗೆರೆಗಳನ್ನು ಎಣಿಸಿ ಯಾರು ಬೇಕಾದರೂ ಪರಿಶೀಲಿಸಬಹುದಿತ್ತು. ಗೆರೆಗಳ ಅಂತರ 5 ಅಡಿ ಇದ್ದರೆ, ಗಂಟೆಗೆ 30 ಮೈಲಿ ವೇಗದ ವಾಹನ ಅರ್ಧ ಸೆಕೆಂಡಿನಲ್ಲಿ 22 ಅಡಿ, ಅಂದರೆ ನಾಲ್ಕೂವರೆಗೆ ತುಸು ಕಡಿಮೆ ಅಂಕಣಗಳನ್ನು ದಾಟುತ್ತದೆ; 40 ಮೈಲಿ ವೇಗದಲ್ಲಿ ಹೆಚ್ಚುಕಡಿಮೆ ಆರು. ದಂಡ ತೆರಬೇಕಾದವನ ಕೈಗೇ ಅಳತೆಗೋಲನ್ನು ಕೊಟ್ಟ ಈ ಏರ್ಪಾಡು, ಯಂತ್ರವೊಂದರ ಮಾತನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ ಎಂಬ ಭರವಸೆಯನ್ನು ನೀಡಿತು. ಟ್ರುವೆಲೊ ಚಿತ್ರದಲ್ಲಿಯೂ ರಸ್ತೆಯ ಗೆರೆಗೆ ಹೋಲಿಸಿದಾಗ ಮುಂಚಕ್ರ ಎಲ್ಲಿತ್ತು ಎಂಬುದು ಇಂಥದೇ ತಾಳೆಗೆ ಒದಗುತ್ತಿತ್ತು.

ಫಿಲ್ಮ್‌ನ ಮಿತಿ ಇದ್ದದ್ದು ಅದರ ಉದ್ದದಲ್ಲಿ. ಒಂದು ಸುರುಳಿಯಲ್ಲಿ ಸುಮಾರು 400 ಚಿತ್ರಗಳು ಹಿಡಿಯುತ್ತಿದ್ದವು. ವಾಹನಕ್ಕೆ ಎರಡರಂತೆ 200 ವಾಹನಗಳಿಗೆ ಅದು ಮುಗಿಯುತ್ತಿತ್ತು. ಬಿಡುವಿಲ್ಲದ ರಸ್ತೆಯಲ್ಲಿ ಸುರುಳಿ ಬೇಗ ಖಾಲಿಯಾಗಿ, ಅದನ್ನು ಬದಲಾಯಿಸುವವರೆಗೆ ಕ್ಯಾಮೆರಾ ಇದ್ದೂ ಇಲ್ಲದಂತಿರುತ್ತಿತ್ತು. ಪೆಟ್ಟಿಗೆಗಳ ಸಂಖ್ಯೆಗಿಂತ ಕ್ಯಾಮೆರಾಗಳ ಸಂಖ್ಯೆ ಕಡಿಮೆಯಿದ್ದು, ಒಂದೇ ಕ್ಯಾಮೆರಾವನ್ನು ಸರದಿಯಂತೆ ಹಲವು ಪೆಟ್ಟಿಗೆಗಳಲ್ಲಿ ಇಡುವುದೂ ಇತ್ತು. ಸುರುಳಿಯನ್ನು ತೆಗೆದು, ತೊಳೆದು, ಒಂದೊಂದೇ ಚಿತ್ರವನ್ನು ನೋಡಿ, ನೋಂದಣಿ ಸಂಖ್ಯೆಯಿಂದ ಮಾಲೀಕನನ್ನು ಪತ್ತೆಮಾಡಬೇಕಿತ್ತು. ಬ್ರಿಟನ್ನಿನ 1988ರ ರಸ್ತೆ ಸಂಚಾರ ಅಪರಾಧಿಗಳ ಕಾಯ್ದೆಯ ಪ್ರಕಾರ ಮೊಕದ್ದಮೆಯ ಮುನ್ಸೂಚನೆಯನ್ನು 14 ದಿನಗಳೊಳಗೆ ತಲುಪಿಸಬೇಕು. ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಸುರುಳಿ ಕಾಯುತ್ತ ಕುಳಿತ ದಿನಗಳೂ ಈ 14ರಲ್ಲಿಯೇ ಸೇರುತ್ತಿದ್ದವು.

ಚಾಲಕ ಯಾರು ಎಂಬ ಪ್ರಶ್ನೆ

ಮುಖದ ಚಿತ್ರ ಎಷ್ಟು ಅಗತ್ಯ ಎಂಬುದನ್ನು ನಿರ್ಧರಿಸುವುದು ತಂತ್ರಜ್ಞಾನವಲ್ಲ, ಆಯಾ ದೇಶದ ಕಾನೂನು. ಜರ್ಮನಿಯಲ್ಲಿ ವೇಗಮಿತಿ ಮೀರಿದ ಹೊಣೆ ವಾಹನದ ಮಾಲೀಕನದಲ್ಲ, ಅದನ್ನು ಓಡಿಸಿದವನದು. ಆದ್ದರಿಂದ ಚಿತ್ರದಲ್ಲಿ ಮುಖವಿಲ್ಲದಿದ್ದರೆ ಪ್ರಕರಣ ನಿಲ್ಲುವುದು ಕಷ್ಟ. ಕೆಂಪು ಫ್ಲ್ಯಾಶ್ ಮತ್ತು ಕೆಂಪು ಸಂವೇದನೆಯ ಫಿಲ್ಮ್ ಅಲ್ಲಿ ಅಷ್ಟು ಬೇರೂರಲು ಇದು ಮುಖ್ಯ ಕಾರಣ. ಕಪ್ಪು-ಬಿಳುಪಿನ ಆ ಚಿತ್ರದಲ್ಲಿರುವವನು ಎದುರಿಗೆ ನಿಂತ ವ್ಯಕ್ತಿಯೇ ಎಂಬುದನ್ನು ನ್ಯಾಯಾಧೀಶರು ನೋಡಿ ನಿರ್ಧರಿಸಬೇಕಾಗುತ್ತದೆ. ಕಿವಿ, ಮೂಗು, ಗಲ್ಲಗಳ ಆಕಾರವನ್ನು ಹೋಲಿಸುವ ತಜ್ಞರನ್ನೂ ಕರೆಸಲಾಗುತ್ತದೆ. ಚಿತ್ರ ಸ್ಪಷ್ಟವಾಗಿದ್ದರೆ ತೀರ್ಪಿನಲ್ಲಿ ಅದನ್ನು ಉಲ್ಲೇಖಿಸಿದರೆ ಸಾಕು, ಅಸ್ಪಷ್ಟವಾಗಿದ್ದರೆ ಯಾವ ಲಕ್ಷಣಗಳಿಂದ ಗುರುತು ಹಿಡಿಯಲಾಯಿತು ಎಂಬುದನ್ನು ವಿವರಿಸಬೇಕು ಎಂದು ಆ ದೇಶದ ಫೆಡರಲ್ ನ್ಯಾಯಾಲಯ 1995ರ ಡಿಸೆಂಬರ್‌ನಲ್ಲಿ ತೀರ್ಮಾನಿಸಿತು. ಚಾಲಕನನ್ನು ಪತ್ತೆಹಚ್ಚಲಾಗದಿದ್ದಾಗ, ಮುಂದೆ ಯಾರು ಯಾವಾಗ ವಾಹನ ಓಡಿಸಿದರು ಎಂಬ ದಿನಚರಿ ಪುಸ್ತಕವನ್ನು ಇಡುವಂತೆ ಮಾಲೀಕನಿಗೆ ಆದೇಶಿಸಬಹುದು.

ಬ್ರಿಟನ್ ಬೇರೆ ದಾರಿ ಹಿಡಿಯಿತು. 1988ರ ರಸ್ತೆ ಸಂಚಾರ ಕಾಯ್ದೆಯ 172ನೆಯ ಕಲಮಿನಂತೆ ಚಾಲಕ ಯಾರಾಗಿದ್ದನೆಂದು ತಿಳಿಸುವುದು ಮಾಲೀಕನ ಕರ್ತವ್ಯ, ತಿಳಿಸದಿರುವುದೇ ಅಪರಾಧ. ಹಿಂಭಾಗದ ಚಿತ್ರವೇ ಅಲ್ಲಿ ಸಾಕಾದದ್ದು ಇದರಿಂದ. ತನ್ನ ವಿರುದ್ಧ ತಾನೇ ಹೇಳಿಕೆ ಕೊಡುವಂತೆ ಒತ್ತಾಯಿಸುವ ಈ ನಿಯಮ ನ್ಯಾಯಯುತ ವಿಚಾರಣೆಯ ಹಕ್ಕಿಗೆ ವಿರುದ್ಧವೆಂದು ಇಬ್ಬರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮೊರೆಹೊಕ್ಕರು. 2007ರ ಜೂನ್‌ನಲ್ಲಿ ನ್ಯಾಯಾಲಯ 15–2 ಬಹುಮತದಿಂದ ಅವರ ವಾದವನ್ನು ತಳ್ಳಿಹಾಕಿತು. ವಾಹನ ಓಡಿಸಲು ಒಪ್ಪಿದವನು ಅದರ ಜೊತೆಗಿರುವ ನಿಯಮಗಳನ್ನೂ ಒಪ್ಪಿದಂತೆ ಎಂಬುದು ತೀರ್ಪಿನ ಆಧಾರಗಳಲ್ಲಿ ಒಂದಾಗಿತ್ತು.

ಚಿತ್ರ ತೆಗೆಯುವುದರ ಎಲ್ಲೆಯೂ ಪ್ರಶ್ನೆಗೊಳಗಾಗಿದೆ. ಹಾದುಹೋಗುವ ಎಲ್ಲ ವಾಹನಗಳನ್ನೂ ಸತತವಾಗಿ ವೀಡಿಯೊದಲ್ಲಿ ದಾಖಲಿಸುವುದಕ್ಕೆ ಸೂಕ್ತ ಕಾನೂನಿನ ಆಧಾರ ಬೇಕೆಂದು ಜರ್ಮನಿಯ ಸಂವಿಧಾನ ನ್ಯಾಯಾಲಯ 2009ರ ಆಗಸ್ಟ್‌ನಲ್ಲಿ ಹೇಳಿತು. ಮರುವರ್ಷ, ವೇಗ ಮೀರಿದ ಸಂಶಯವಿದ್ದಾಗ ಮಾತ್ರ ತೆಗೆಯುವ ಚಿತ್ರಗಳನ್ನು ಅದು ಒಪ್ಪಿತು. ತಪ್ಪದವರ ಚಿತ್ರ ತೆಗೆದು ಫಿಲ್ಮ್ ಹಾಳುಮಾಡುವಂತಿಲ್ಲ ಎಂಬ ಹಳೆಯ ಮಿತವ್ಯಯ ಈ ವಿಷಯದಲ್ಲಿ ತನಗರಿವಿಲ್ಲದೆಯೇ ಜನರ ಖಾಸಗಿತನವನ್ನು ಕಾಯುತ್ತಿತ್ತು.

ಡಿಜಿಟಲ್ ಕ್ಯಾಮೆರಾಗಳು

ಡಿಜಿಟಲ್ ಕ್ಯಾಮೆರಾದ ಸಿಲಿಕಾನ್ ಸಂವೇದಕ ಯಾವ ವರ್ಣದ್ರವ್ಯದ ನೆರವೂ ಇಲ್ಲದೆ ಸುಮಾರು 1,100 ನ್ಯಾನೋಮೀಟರ್‌ವರೆಗಿನ ಬೆಳಕಿಗೆ ಸ್ಪಂದಿಸುತ್ತದೆ. ಸಾಮಾನ್ಯ ಕ್ಯಾಮೆರಾಗಳಲ್ಲಿ ಬಣ್ಣ ಕೆಡದಂತೆ ಅವಕೆಂಪನ್ನು ತಡೆಯುವ ಶೋಧಕವನ್ನು ಸೇರಿಸಬೇಕಾಗುತ್ತದೆ. ರಸ್ತೆಬದಿಯ ಕ್ಯಾಮೆರಾದಲ್ಲಿ ಅದನ್ನು ಬಿಟ್ಟರೆ ಮುಗಿಯಿತು. ಇದರಿಂದ 850 ನ್ಯಾನೋಮೀಟರ್‌ನಂಥ, ಕಣ್ಣಿಗೆ ಬಹುಮಟ್ಟಿಗೆ ಕಾಣದ ಬೆಳಕನ್ನು ಬಳಸುವುದು ಸುಲಭವಾಯಿತು. ಸುರುಳಿ ಮುಗಿಯುವ, ತೊಳೆಯುವ ತೊಡಕುಗಳೂ ಇಲ್ಲವಾದವು. 2000ದ ದಶಕದಲ್ಲಿ ಫಿಲ್ಮ್ ಕ್ಯಾಮೆರಾಗಳು ಹಿಂದೆ ಸರಿಯತೊಡಗಿದವು.

ಅವಕೆಂಪಿನ ಕೆಲಸವೂ ಬದಲಾಯಿತು. ಈಗ ಅದರ ಮುಖ್ಯ ಉಪಯೋಗ ನೋಂದಣಿ ಫಲಕವನ್ನು ಯಂತ್ರವೇ ಓದುವಂತೆ ಮಾಡುವುದು. ಅವಕೆಂಪು ದೀಪದಡಿ ಫಲಕದ ಹಿನ್ನೆಲೆ ಹೊಳೆದು ಅಕ್ಷರಗಳು ಕಪ್ಪಾಗಿ ನಿಲ್ಲುತ್ತವೆ. ಉಳಿದ ವಾಹನ ಕತ್ತಲಲ್ಲಿ ಮುಳುಗುತ್ತದೆ. ಬ್ರಿಟನ್ನಿನಲ್ಲಿ ಎರಡು ಸ್ಥಳಗಳ ನಡುವಿನ ಸರಾಸರಿ ವೇಗವನ್ನು ಅಳೆಯುವ ಸ್ಪೆಕ್ಸ್ ಕ್ಯಾಮೆರಾಗಳು ಇದೇ ತತ್ತ್ವದವು. ಫಲಕಕ್ಕೆ ಲೇಪ ಬಳಿದು ಅದನ್ನು ಕ್ಯಾಮೆರಾಕ್ಕೆ ಕಾಣದಂತೆ ಮಾಡುವ ಪ್ರಯತ್ನಗಳು ಹಿಂದಿನಿಂದಲೂ ಇವೆ. ಚಿತ್ರದಲ್ಲಿ ಸಂಖ್ಯೆ ಓದಲಾಗದಂತೆ ಫಲಕವನ್ನು ಮಾರ್ಪಡಿಸುವುದನ್ನು ಬ್ರಿಟನ್ನಿನ 2001ರ ನೋಂದಣಿ ಫಲಕ ನಿಯಮಗಳು ನಿಷೇಧಿಸಿವೆ.

ಭಾರತದಲ್ಲಿ 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 136ಎ ಕಲಮು ಇಲೆಕ್ಟ್ರಾನಿಕ್ ಸಾಧನಗಳ ಮೂಲಕ ಸಂಚಾರ ನಿಯಮ ಜಾರಿಗೆ ಅವಕಾಶ ನೀಡಿತು. 2021ರ ಆಗಸ್ಟ್‌ನಲ್ಲಿ ಬಂದ 167ಎ ನಿಯಮವು ಉಪಕರಣಕ್ಕೆ ಅನುಮೋದನೆ ಪತ್ರವಿರಬೇಕು, ಕ್ಯಾಮೆರಾ ಇರುವ ಕಡೆ ಎಚ್ಚರಿಕೆಯ ಫಲಕ ಹಾಕಬೇಕು, ಅಪರಾಧ ನಡೆದ 15 ದಿನಗಳೊಳಗೆ ನೋಟಿಸು ಕಳುಹಿಸಬೇಕು ಎಂದು ವಿಧಿಸಿತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಅಳವಡಿಸಿರುವ, ನೋಂದಣಿ ಸಂಖ್ಯೆ ಓದುವ ಕ್ಯಾಮೆರಾಗಳು ಈ ಡಿಜಿಟಲ್ ಪೀಳಿಗೆಗೆ ಸೇರಿದವು.

ಫಿಲ್ಮ್‌ನ ಮುಂದಿನ ಬಳಕೆ

ಕೊಡಾಕ್ ತನ್ನ ಹೈ ಸ್ಪೀಡ್ ಇನ್‌ಫ್ರಾರೆಡ್ ಫಿಲ್ಮ್‌ನ ತಯಾರಿಕೆಯನ್ನು 2007ರಲ್ಲಿ ನಿಲ್ಲಿಸಿತು. ರಸ್ತೆಬದಿಯ ಕೆಲಸಕ್ಕೆಂದು ಹುಟ್ಟಿದ ಸಾಧಾರಣ ಫಿಲ್ಮ್‌ಗಳೇ ಹವ್ಯಾಸಿಗಳಿಗೆ ಉಳಿದವು. ಮಸೂರದ ಮುಂದೆ ಕಡುಗೆಂಪು ಶೋಧಕವನ್ನಿಟ್ಟು ಎಸ್‌ಎಫ್‌ಎಕ್ಸ್ 200ರಲ್ಲಿ ಚಿತ್ರ ತೆಗೆದರೆ ಎಲೆಗಳು ಬೆಳ್ಳಗಾಗುವ ವುಡ್ ಪರಿಣಾಮ ಮಿತವಾಗಿ ದೊರೆಯುತ್ತದೆ. ಆಗ್ಫಾದ ವೈಮಾನಿಕ ಫಿಲ್ಮ್‌ನಿಂದ ಬಂದ ರೋಲೈ ಇನ್‌ಫ್ರಾರೆಡ್ 400 ಫಿಲ್ಮ್‌ನ ಸಂವೇದನೆ 820 ನ್ಯಾನೋಮೀಟರ್‌ವರೆಗೆ ಹಬ್ಬುತ್ತದೆ. ಕಾವಲು ಕ್ಯಾಮೆರಾಗಳಿಗೆಂದು ಆಗ್ಫಾ ತಯಾರಿಸಿ ಕೈಬಿಟ್ಟಿದ್ದ ಫಿಲ್ಮೊಂದು 2016ರಲ್ಲಿ ಜಪಾನಿನ ಜಪಾನ್ ಕ್ಯಾಮೆರಾ ಹಂಟರ್ ಸಂಸ್ಥೆಯಿಂದ ಸ್ಟ್ರೀಟ್‌ಪ್ಯಾನ್ 400 ಎಂಬ ಹೆಸರಿನಲ್ಲಿ, ಬೀದಿ ಛಾಯಾಗ್ರಾಹಕರಿಗಾಗಿ ಮತ್ತೆ ಮಾರುಕಟ್ಟೆಗೆ ಬಂದಿತು.